ವಿಲ್ಲೋ ಮರಕ್ಕೆ ಹೇಳಿದ ಗುಟ್ಟು: ಕೆಲ್ಟಿಕ್ ಮರಗಳ ಜೊತೆ ಮನಸ್ಸಿನ ನೋವನ್ನು ಮಾತಿಗೆ ತರುವ ಬಗೆ

ಐರ್ಲೆಂಡಿನಲ್ಲಿ ಒಂದು ಹಳೆಯ ಕಥೆಯಿದೆ, ಐರ್ಲೆಂಡ್, ಬ್ರಿಟನ್ ಕಡೆಯ ಹಳೆಯ ಕೆಲ್ಟಿಕ್ ಜನರದು. ಲೌರಿ ಲಿಂಗ್ಶಾಖ್ ಎಂಬ ರಾಜನಿಗೆ ಕುದುರೆಯ ಕಿವಿಗಳಿದ್ದವು. ಯಾರಿಗೂ ಕಾಣದ ಹಾಗೆ ಮುಚ್ಚಿಟ್ಟುಕೊಂಡಿದ್ದ. ವರ್ಷಕ್ಕೊಮ್ಮೆಯಾದರೂ ಕೂದಲು ಕತ್ತರಿಸಲೇಬೇಕಲ್ಲ. ಕತ್ತರಿಸಿದವನು ಅವತ್ತೇ ಸಾಯುತ್ತಿದ್ದ. ಒಂದು ವರ್ಷ ಆ ಸರದಿ ಒಬ್ಬ ವಿಧವೆಯ ಒಬ್ಬನೇ ಮಗನಿಗೆ ಬಂತು. ತಾಯಿ ಬೇಡಿಕೊಂಡಳು. ಕಂಡದ್ದನ್ನು ಸಾಯುವ ತನಕ ಬಾಯಿ ಬಿಡಬಾರದು ಎಂಬ ಮಾತು ತೆಗೆದುಕೊಂಡು ರಾಜ ಹುಡುಗನ ಜೀವ ಉಳಿಸಿದ.

ಹುಡುಗ ಮನೆಗೆ ಬಂದ, ಹಾಸಿಗೆ ಹಿಡಿದ. ಯಾವ ಮದ್ದೂ ಹತ್ತಲಿಲ್ಲ. ಕೊನೆಗೆ ಒಬ್ಬ ಡ್ರೂಯಿಡ್, ಅಂದರೆ ಆ ಜನರ ಜ್ಞಾನಿ, ಬಂದು ನೋಡಿದ. ಇವನ ಹೊಟ್ಟೆಯಲ್ಲಿ ಒಂದು ಗುಟ್ಟಿದೆ, ಅದೇ ಕಾಯಿಲೆ ಅಂದ. ನಾಲ್ಕು ದಾರಿ ಕೂಡುವಲ್ಲಿಗೆ ಹೋಗಲಿ, ಬಲಕ್ಕೆ ತಿರುಗಲಿ, ಮೊದಲು ಎದುರಾಗುವ ಮರಕ್ಕೆ ಅದನ್ನು ಹೇಳಲಿ. ಎದುರಾದದ್ದು ಒಂದು ದೊಡ್ಡ ವಿಲ್ಲೋ ಮರ. ಹುಡುಗ ಹೇಳಿದ. ಹೊಟ್ಟೆಯ ಭಾರ ಇಳಿಯಿತು.

17ನೇ ಶತಮಾನದಲ್ಲಿ ಜೆಫ್ರಿ ಕೀಟಿಂಗ್ ಎಂಬ ಐರಿಷ್ ಚರಿತ್ರೆಕಾರ ಬರೆದಿಟ್ಟ ರೂಪ ಇದು. ಇದರ ಉಳಿದ ಅರ್ಧ ಮುಂದೆ ಬರುತ್ತದೆ, ಈ ಲೇಖನಕ್ಕೆ ಅದೂ ಬೇಕು. ನಮ್ಮ ಕನ್ನಡದಲ್ಲೂ ಒಬ್ಬ ಹೆಂಗಸಿನ ಹೇಳದ ಕಥೆ, ಹಾಡದ ಹಾಡು ಅವಳ ಮೇಲೆ ಸೇಡು ತೀರಿಸಿಕೊಂಡ ಜನಪದ ಕಥೆ ಇದೆಯಲ್ವಾ? ಒಳಗೆ ಉಳಿದ ಮಾತು ಮನುಷ್ಯನನ್ನು ಕಾಡುತ್ತದೆ ಎಂಬುದು ಎರಡೂ ಕಡೆಯ ಅಜ್ಜಿಯರಿಗೆ ಗೊತ್ತಿತ್ತು.

ನಾನು ಕೆಲವು ವರ್ಷ ಡಬ್ಲಿನ್‌ನಲ್ಲಿದ್ದೆ. ಅಲ್ಲಿ ಮರಗಳ ಈ ಕಥೆಗಳನ್ನು ಆಪ್ತಸಮಾಲೋಚನೆಯ ಜೊತೆ ಬಳಸುವುದನ್ನು ಕಲಿತೆ. ಮೊದಲು ನನಗಾಗಿ, ಆಮೇಲೆ ಬೇರೆಯವರ ಜೊತೆ. ನೇರವಾಗಿ ಹೇಳಲಾಗದ ನೋವಿಗೆ ಮರ ಒಂದು ಬಾಯಿ ಕೊಡುತ್ತದೆ. ಮರವೇ ಔಷಧ ಎಂದು ನಾನು ಹೇಳುವುದಿಲ್ಲ. ಮಾತು ಶುರುವಾಗುವ ಜಾಗ ಅದು. ಆಮೇಲೆ ಕೇಳಿಸಿಕೊಳ್ಳಲು ಒಬ್ಬ ಮನುಷ್ಯ ಬೇಕು.

ಶುರು ಮಾಡುವ ಮುಂಚೆ: ಯಾವುದು ಹಳೆಯದು, ಯಾವುದು ಹೊಸದು

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲು ಸಿಗುವುದು "ಕೆಲ್ಟಿಕ್ ಮರ ಜಾತಕ". ಹುಟ್ಟಿದ ದಿನಾಂಕ ಕೊಟ್ಟರೆ ನಿಮ್ಮ ಮರ ಯಾವುದು ಎಂದು ಹೇಳುತ್ತದೆ. ಇದು ಡ್ರೂಯಿಡರ ಕಾಲದ್ದಲ್ಲ. 13 ತಿಂಗಳ ಆ ಮರ ಪಂಚಾಂಗವನ್ನು ಕಟ್ಟಿದವರು ಇಂಗ್ಲಿಷ್ ಕವಿ ರಾಬರ್ಟ್ ಗ್ರೇವ್ಸ್, 1948ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ. ನೋವಿನಲ್ಲಿರುವವರ ಮುಂದೆ ಅದನ್ನು ಪ್ರಾಚೀನ ಸತ್ಯ ಅಂತ ಇಡುವುದು ಸರಿಯಲ್ಲ. ಅವರು ನಮ್ಮನ್ನು ನಂಬಿ ಬಂದಿರುತ್ತಾರೆ.

ನಿಜವಾಗಿ ಹಳೆಯದೂ ಬೇಕಾದಷ್ಟಿದೆ. ಓಗಮ್ ಎಂಬ ಲಿಪಿ ಇದೆ. ಕಲ್ಲಿನ ಅಂಚಿನ ಮೇಲೆ ಗೀಟುಗಳನ್ನು ಕೆತ್ತಿ ಬರೆಯುತ್ತಿದ್ದರು, ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಮರ ಬೆಳೆಯುವ ದಿಕ್ಕಿನಲ್ಲೇ. ಇಂಥ ಸುಮಾರು 400 ಕಲ್ಲುಗಳು ಉಳಿದಿವೆ. ಹೆಚ್ಚಿನವು ದಕ್ಷಿಣ ಐರ್ಲೆಂಡಿನ ಕೆರ್ರಿ, ಕಾರ್ಕ್ ಕಡೆ. ಮೊದಲಿಗೆ 20 ಅಕ್ಷರ, ಐದೈದರ ನಾಲ್ಕು ಗುಂಪು. ಬರ್ಚ್, ವಿಲ್ಲೋ, ಓಕ್, ಹೇಜಲ್ ಹೀಗೆ ಕೆಲವು ಅಕ್ಷರಗಳ ಹೆಸರೇ ಮರದ ಹೆಸರು. ಎಲ್ಲ ಅಕ್ಷರಕ್ಕೂ ಒಂದೊಂದು ಮರ ಕೊಟ್ಟದ್ದು ಮಾತ್ರ ಆಮೇಲಿನ ಮಧ್ಯಯುಗದ ಪಂಡಿತರು.

8ನೇ ಶತಮಾನದ ಐರಿಷ್ ಕಾನೂನಿನಲ್ಲೂ ಮರಗಳ ಪಟ್ಟಿ ಇದೆ. ಓಕ್, ಹೇಜಲ್, ಹಾಲಿ, ಯೂ, ಆಶ್, ಪೈನ್, ಸೇಬು ಈ ಏಳನ್ನು "ಕಾಡಿನ ದೊರೆಗಳು" ಅಂತ ಕರೆದಿದ್ದಾರೆ. ಇವುಗಳಲ್ಲಿ ಒಂದನ್ನು ಬುಡಕ್ಕೆ ಕಡಿದರೆ ದಂಡದಲ್ಲಿ ಎರಡು ಕರೆಯುವ ಹಸು ಸೇರುತ್ತಿತ್ತು. ಆ ಮರಗಳಿಂದ ಕಾಯಿ, ಕಟ್ಟಿಗೆ, ತೊಗಲು ಹದ ಮಾಡುವ ತೊಗಟೆ, ಈಟಿಯ ಹಿಡಿ ಎಲ್ಲ ಬರುತ್ತಿತ್ತು. ಅರ್ಥ ಹುಟ್ಟಿದ್ದು ಬಳಕೆಯಿಂದ. ಇದನ್ನು ನೆನಪಿಟ್ಟುಕೊಳ್ಳಿ, ಮರ ಆರಿಸುವಾಗ ಇದೇ ದಾರಿ ತೋರಿಸುತ್ತದೆ.

ಹೆಜ್ಜೆ 1: ಮರವನ್ನು ಅದರ ನಡತೆ ನೋಡಿ ಆರಿಸಿ

ಜನ್ಮದಿನ ಬಿಡಿ. "ಈಗ ನಾನು ಹೇಗಿದ್ದೇನೆ, ನನ್ನ ಹಾಗೆ ಬದುಕುವ ಮರ ಯಾವುದು?" ಅಂತ ಕೇಳಿಕೊಳ್ಳಿ. ನಾನು ಹೆಚ್ಚಾಗಿ ಮುಂದಿಡುವ ಮರಗಳು ಇವು.

ಬರ್ಚ್ ಓಗಮಿನ ಮೊದಲ ಅಕ್ಷರ. ಹಿಮಯುಗ ಮುಗಿದಾಗ ಬರಡು ನೆಲಕ್ಕೆ ಮೊದಮೊದಲು ಬಂದ ಮರಗಳಲ್ಲಿ ಒಂದು. ಬೆಂಕಿ ಬಿದ್ದ ಜಾಗದಲ್ಲೂ ಬೇಗ ಕಾಣಿಸಿಕೊಳ್ಳುವುದು ಇದೇ. ತುಂಬ ವರ್ಷ ಬದುಕುವುದಿಲ್ಲ, ಆದರೆ ಎಲೆ ಉದುರಿಸಿ ಮಣ್ಣು ಹದ ಮಾಡಿ ಹೋಗುತ್ತದೆ. ಮದುವೆ ಮುರಿದವರು, ಊರು ಬಿಟ್ಟು ಬಂದವರು, ಎಲ್ಲ ಹೊಸದಾಗಿ ಶುರು ಮಾಡಬೇಕಾದವರು ಇದನ್ನು ಇಷ್ಟಪಡುತ್ತಾರೆ.

ಹಾಲಿ ಮರವನ್ನು ಹತ್ತಿರ ಹೋಗಿ ನೋಡಿ. ಪ್ರಾಣಿಗಳು ಬಾಯಿ ಹಾಕುವ ಎತ್ತರದಲ್ಲಿ ಎಲೆಯ ಅಂಚಿಗೆ ಮುಳ್ಳು. ಮೇಲೆ ಹೋದಂತೆ ಎಷ್ಟೋ ಎಲೆಗಳು ನುಣುಪು. ಬೇಕಾದ ಕಡೆ ಮಾತ್ರ ಮುಳ್ಳು! ಮನೆಯಲ್ಲಿ ಯಾರಿಗೂ "ಆಗಲ್ಲ" ಅನ್ನಲಾಗದ ಸೊಸೆಯಂದಿರಿಗೆ, ಆಫೀಸಿನಲ್ಲಿ ಎಲ್ಲರ ಕೆಲಸ ತಲೆ ಮೇಲೆ ಹೊತ್ತವರಿಗೆ ನಾನು ಈ ಎಲೆಗಳ ಫೋಟೋ ತೋರಿಸುತ್ತೇನೆ. ನಿಮ್ಮ ಮುಳ್ಳು ಎಲ್ಲಿರಬೇಕು, ನುಣುಪು ಎಲ್ಲಿರಬೇಕು ಅಂತ ಕೇಳುತ್ತೇನೆ.

ಹೇಜಲ್ ಬಗ್ಗೆ ಚಿಕ್ಕದಾಗಿ: ಬುಡಕ್ಕೆ ಕಡಿದರೆ ಹತ್ತಾರು ಕೋಲುಗಳಾಗಿ ಚಿಗುರುತ್ತದೆ. ಕಡಿಯುತ್ತಾ ಇದ್ದರೆ ಅದರ ಆಯಸ್ಸು ಇನ್ನೂ ಜಾಸ್ತಿಯಾಗುತ್ತದೆ.

ಹಾಥಾರ್ನ್ ಮುಳ್ಳಿನ ಮರ, ಮೇ ತಿಂಗಳಲ್ಲಿ ಬಿಳಿ ಹೂವು. ಹೊಲದ ನಡುವೆ ಒಂಟಿಯಾಗಿ ನಿಂತ ಹಾಥಾರ್ನನ್ನು ಐರಿಷ್ ರೈತರು ಇವತ್ತಿಗೂ ಸುಮ್ನೆ ಕಡಿಯುವುದಿಲ್ಲ. ಅದು ಯಕ್ಷಿಣಿಯರ ಮರ ಎಂಬ ನಂಬಿಕೆ. 1999ರಲ್ಲಿ ಕ್ಲೇರ್ ಕೌಂಟಿಯ ಲಾಟೂನ್‌ನಲ್ಲಿ ದೊಡ್ಡ ರಸ್ತೆಗೆ ಇಂಥ ಒಂದು ಮರ ಅಡ್ಡ ಬಂತು. ಕಥೆಗಾರ ಎಡ್ಡಿ ಲೆನಿಹನ್ ಅದನ್ನು ಉಳಿಸಬೇಕು ಎಂದು ದನಿ ಎತ್ತಿದರು. ಕೊನೆಗೆ ಮರ ಉಳಿಯಿತು, ಅದನ್ನು ಬಿಟ್ಟು ರಸ್ತೆ ಮಾಡಿದರು. ನನ್ನ ಕೆಲಸದಲ್ಲಿ ಈ ಮರ ತುಂಬ ಉಪಯೋಗಕ್ಕೆ ಬಂದಿದೆ. ಕೆಲವರ ಮನಸ್ಸಿನಲ್ಲಿ ಇನ್ನೂ ಮುಟ್ಟಬಾರದ ಒಂದು ಜಾಗ ಇರುತ್ತದೆ. ಅವರಿಗೆ ಹೇಳುತ್ತೇನೆ: ಅದು ಅಲ್ಲೇ ಇರಲಿ, ಬೇಲಿ ಹಾಕೋಣ, ಸದ್ಯ ರಸ್ತೆಯನ್ನು ಸ್ವಲ್ಪ ಬಳಸಿ ತೆಗೆದುಕೊಂಡು ಹೋಗೋಣ. ಎಷ್ಟೋ ಸಲ ಇಷ್ಟು ಹೇಳಿದ ಕೂಡಲೇ ಅವರ ಭುಜ ಇಳಿಯುವುದನ್ನು ಕಂಡಿದ್ದೇನೆ.

ಯೂ ಮರ ಸ್ಮಶಾನದ ಮರ. ಸ್ಕಾಟ್ಲೆಂಡಿನ ಪರ್ತ್‌ಶೈರಿನಲ್ಲಿ ಫೋರ್ಟಿಂಗಲ್ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಒಂದಿದೆ. ಅದರ ವಯಸ್ಸು 2,000 ವರ್ಷಕ್ಕೂ ಹೆಚ್ಚಿರಬಹುದು ಎಂಬ ಅಂದಾಜುಗಳಿವೆ. ನಡುವಿನ ಕಾಂಡ ಎಂದೋ ಟೊಳ್ಳಾಗಿ ಹೋಗಿದೆ, ಸುತ್ತಲಿನ ತುಂಡುಗಳು ಬೇರೆ ಬೇರೆ ಮರಗಳ ಹಾಗೆ ನಿಂತಿವೆ. ಗಂಡು ಮರ ಅದು. 2015ರಲ್ಲಿ ಅದರ ಒಂದು ಕೊಂಬೆಯಲ್ಲಿ ಕೆಂಪು ಹಣ್ಣು ಕಾಣಿಸಿತು. ಅಂದರೆ ಆ ಒಂದು ಕೊಂಬೆ ಹೆಣ್ಣಾಗಿತ್ತು. ಅಷ್ಟು ವಯಸ್ಸಾದ ಮೇಲೆ! ಅರವತ್ತು ದಾಟಿ "ಇನ್ನು ನಾನೇನು ಬದಲಾಗೋದು" ಅನ್ನುವವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಓಕ್ ಬಗ್ಗೆ ನನ್ನದೇ ಒಂದು ಮಾತು. ಅಪ್ಪ ತೀರಿಕೊಂಡಾಗ ನಾನು ಡಬ್ಲಿನ್‌ನಲ್ಲಿದ್ದೆ. ಮಣ್ಣಿಗೆ ಹೋಗಲಾಗಲಿಲ್ಲ. ಆ ಬೇಸಿಗೆಯಲ್ಲಿ ದಿನಾ ಫೀನಿಕ್ಸ್ ಪಾರ್ಕಿನ ಒಂದು ಓಕ್ ಮರದ ಕೆಳಗೆ ಕೂರುತ್ತಿದ್ದೆ. ವಸಂತದ ಎಲೆಗಳನ್ನು ಹುಳುಗಳು ತಿಂದು ಜರಡಿ ಮಾಡಿದ್ದವು. ನೋಡಿ ಇನ್ನೂ ಬೇಜಾರಾಯಿತು. ಆಗಸ್ಟ್ ಹತ್ತಿರ ಬಂದಾಗ ಕೊಂಬೆಯ ತುದಿಗಳಲ್ಲಿ ಕೆಂಪು ಛಾಯೆಯ ಹೊಸ ಎಲೆ ಬಂತು. ಓಕ್ ಮರಕ್ಕೆ ವರ್ಷದಲ್ಲಿ ಎರಡನೇ ಚಿಗುರು ಬರುವುದುಂಟು. ಆಗಸ್ಟ್ ಮೊದಲ ದಿನದ ಸುಗ್ಗಿ ಹಬ್ಬದ ಹೆಸರಿನಲ್ಲಿ ಅದನ್ನು ಲಾಮಸ್ ಚಿಗುರು ಅನ್ನುತ್ತಾರೆ. ಆಗ ನನಗೆ ಅದು ಗೊತ್ತಿರಲಿಲ್ಲ. ತಿಂದು ಹೋದ ಎಲೆಗಳೂ ಅಲ್ಲೇ ಇದ್ದವು, ಹೊಸವೂ ಪಕ್ಕದಲ್ಲೇ ಇದ್ದವು. ಅವತ್ತು ಅಪ್ಪನ ಹೆಸರು ಹೇಳಿ ಅತ್ತೆ.

ಇನ್ನು ವಿಲ್ಲೋ. ಒಂದು ಕಡ್ಡಿ ಮುರಿದು ಒದ್ದೆ ಮಣ್ಣಿಗೆ ಚುಚ್ಚಿದರೂ ಬೇರು ಬಿಡುವ ಮರ. ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ ಇದರ ತೊಗಟೆಯ ಪುಡಿ ಜ್ವರ ಇಳಿಸುತ್ತದೆ ಎಂದು 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಮುಂದೆ ಆಸ್ಪಿರಿನ್ ಬಂದ ದಾರಿ ಅದೇ. ಮಾತು ಗಂಟಲಲ್ಲಿ ಸಿಕ್ಕಿಕೊಂಡವರಿಗೆ ಈ ಮರ.

ಬೆಂಗಳೂರಿನಲ್ಲೋ ಶಿರಸಿಯಲ್ಲೋ ಇರುವವರು ಹಾಲಿ, ಯೂ ಎಲ್ಲಿ ಸಿಗುತ್ತವೆ ಅಂತ ಹುಡುಕುವುದು ಬೇಡ. ಕಥೆಯನ್ನು ಐರ್ಲೆಂಡಿನದೇ ಆಗಿ ಓದಿ. ಕೂರುವುದಕ್ಕೆ ನಿಮ್ಮ ಬೀದಿಯ ಮರ ಸಾಕು. ಅದು ಯಾವಾಗ ಎಲೆ ಉದುರಿಸುತ್ತದೆ, ಕಡಿದರೆ ಏನು ಮಾಡುತ್ತದೆ ಅಂತ ನೋಡಿ ತಿಳಿದುಕೊಳ್ಳಿ.

ಹೆಜ್ಜೆ 2: ಮೂರು ಸಲ ಹೋಗಿ ನೋಡಿ, ಅರ್ಥ ಹುಡುಕಬೇಡಿ

ಒಂದೇ ಮರದ ಹತ್ತಿರ ಒಂದು ವಾರದಲ್ಲಿ ಮೂರು ಸಲ ಹೋಗಿ. ಪ್ರತಿ ಸಲ 20 ನಿಮಿಷ. ಫೋನ್ ಸೈಲೆಂಟ್. ಕಣ್ಣಿಗೆ ಕಂಡ ಐದು ಸಂಗತಿ ಬರೆಯಿರಿ. "ಬಲಗಡೆ ಒಂದು ಕೊಂಬೆ ಮುರಿದಿದೆ" ಅಂತ ಬರೆಯಿರಿ. "ನನ್ನ ಹಾಗೇ ಮುರಿದಿದೆ" ಅಂತ ಈಗಲೇ ಬರೆಯಬೇಡಿ. ಅರ್ಥ ತಾನಾಗಿ ಬರಬೇಕು, ಸಾಮಾನ್ಯವಾಗಿ ಎರಡನೇ ಅಥವಾ ಮೂರನೇ ಸಲ ಬರುತ್ತದೆ.

ಹೊರಗೆ ಹೋಗಲಾಗದವರು ಕಿಟಕಿಯಿಂದ ನೋಡಿ. ರೋಜರ್ ಉಲ್‌ರಿಚ್ ಎಂಬ ಸಂಶೋಧಕ 1984ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆ ನೋಡಿದರು. ಅರ್ಧ ಜನರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋದರು, ಜೋರಾದ ನೋವಿನ ಮಾತ್ರೆಗಳೂ ಅವರಿಗೆ ಕಡಿಮೆ ಸಾಕಾದವು. ಚಿಕ್ಕ ಅಧ್ಯಯನ, ಆದರೂ ಕಿಟಕಿ ಪಕ್ಕ ಕುರ್ಚಿ ಹಾಕಿಕೊಳ್ಳಲು ಅಷ್ಟು ಸಾಕು.

ಎಚ್ಚರಿಕೆ: ಯೂ ಮರದ ಎಲೆ, ಬೀಜ, ತೊಗಟೆ ಎಲ್ಲ ವಿಷ. ಯಾವ ಮರದ್ದೂ ಕಷಾಯ ಮಾಡಿ ಕುಡಿಯಬೇಡಿ, ಈ ಕೆಲಸಕ್ಕೆ ಅದು ಬೇಕಿಲ್ಲ. ಐರ್ಲೆಂಡ್, ಬ್ರಿಟನ್‌ನ ಕಾಡು, ಹುಲ್ಲುಗಾವಲಿನಲ್ಲಿ ಕೂತು ಬಂದರೆ ಕಾಲಿಗೆ ರಕ್ತ ಹೀರುವ ಉಣ್ಣಿ ಹುಳ ಹತ್ತಿದೆಯೇ ನೋಡಿಕೊಳ್ಳಿ, ಅದರಿಂದ ಲೈಮ್ ಕಾಯಿಲೆ ಬರಬಹುದು. ಗಾಳಿ, ಗುಡುಗಿನ ದಿನ ಮರದ ಕೆಳಗೆ ಕೂರಬೇಡಿ.

ಹೆಜ್ಜೆ 3: ಮರ ಬಿಡಿಸಿ, ಬೇರಿನಿಂದ ಶುರು ಮಾಡಿ

ಇದು ಕೆಲ್ಟಿಕ್ ಪದ್ಧತಿ ಅಲ್ಲ. "ಜೀವವೃಕ್ಷ" ಎಂಬ ಈ ವಿಧಾನವನ್ನು ನ್ಕಾಜೆಲೊ ನ್ಕುಬೆ ಮತ್ತು ಡೇವಿಡ್ ಡೆನ್‌ಬರೊ ದಕ್ಷಿಣ ಆಫ್ರಿಕಾ ಭಾಗದಲ್ಲಿ, ಏಡ್ಸ್‌ನಿಂದ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳಿಗಾಗಿ ರೂಪಿಸಿದರು. ನಿಮ್ಮ ಮರದ ಜೊತೆ ಚೆನ್ನಾಗಿ ಹೊಂದುತ್ತದೆ.

ದೊಡ್ಡ ಹಾಳೆ ತೆಗೆದುಕೊಳ್ಳಿ. ಬೇರಿನಲ್ಲಿ: ನೀವು ಎಲ್ಲಿಂದ ಬಂದವರು, ಯಾವ ಮಾತು ಕೇಳಿ ಬೆಳೆದವರು, ಯಾರು ಸಾಕಿದರು. ನೆಲದಲ್ಲಿ: ಈಗಿನ ದಿನಚರಿ. ಕಾಂಡದಲ್ಲಿ: ನಿಮಗೆ ಏನು ಬರುತ್ತದೆ, ಕಷ್ಟದಲ್ಲಿ ಯಾವುದು ಕೈಹಿಡಿದಿದೆ. ಕೊಂಬೆಯಲ್ಲಿ ಆಸೆಗಳು. ಎಲೆಗಳಲ್ಲಿ ನಿಮಗೆ ಬೇಕಾದ ಜನ, ತೀರಿಕೊಂಡವರೂ ಸೇರಿ. ಹಣ್ಣಿನಲ್ಲಿ ಬೇರೆಯವರಿಂದ ನಿಮಗೆ ಸಿಕ್ಕಿದ್ದು. ಬಿರುಗಾಳಿಯ, ಅಂದರೆ ಬಂದ ಕಷ್ಟಗಳ ಮಾತು ಇದೆಲ್ಲ ಮುಗಿದ ಮೇಲೆ. ಈ ಕ್ರಮ ತಪ್ಪಿಸಬೇಡಿ. ನಿಲ್ಲಲು ಗಟ್ಟಿ ನೆಲ ಸಿಕ್ಕಿದ ಮೇಲೆ ನೋವಿನ ಕಡೆ ತಿರುಗಿ ನೋಡಿದರೆ ಅದು ಎಳೆದುಕೊಂಡು ಹೋಗುವುದಿಲ್ಲ.

ಆಪ್ತಸಮಾಲೋಚಕರಿಗೆ ಒಂದು ಮಾತು. ಸ್ವಿಟ್ಜರ್ಲೆಂಡಿನ ಕಾರ್ಲ್ ಕೋಖ್ 1949ರಲ್ಲಿ ಪ್ರಕಟಿಸಿದ ಮರದ ಚಿತ್ರದ ಪರೀಕ್ಷೆ ಇದೆ, ಅದರಲ್ಲಿ ಪರೀಕ್ಷಕರು ಚಿತ್ರ ನೋಡಿ ಸ್ವಭಾವ ಹೇಳುತ್ತಾರೆ. ಇಲ್ಲಿ ಹಾಗೆ ಮಾಡಬೇಡಿ. ಕಾಂಡದಲ್ಲಿ ಪೊಟರೆ ಬಿಡಿಸಿದರೆ "ಇದು ಆಘಾತದ ಗುರುತು" ಅಂತ ತೀರ್ಮಾನ ಬೇಡ. ಕೇಳಿ. ಅದು ಗಿಳಿ ಗೂಡೂ ಇರಬಹುದು.

ಹೆಜ್ಜೆ 4: ಮರಕ್ಕೆ ಹೇಳಿ

ಕ್ಷೌರಿಕ ಹುಡುಗನ ಹೆಜ್ಜೆ ಇದು. ಯಾರೂ ಇಲ್ಲದ ಹೊತ್ತು ನೋಡಿ ಹೋಗಿ. ಮೊದಲು ಮರದ ಬಗ್ಗೆಯೇ ಎರಡು ಮಾತಾಡಿ. ಆಮೇಲೆ ನಿಮ್ಮದು. ಬಾಯಿಬಿಟ್ಟು ಹೇಳಿ, ಪಿಸುಮಾತಾದರೂ ಸರಿ, ಮತ್ತು ಮನೆಮಾತಿನಲ್ಲಿ ಹೇಳಿ. ಡಬ್ಲಿನ್‌ನಲ್ಲಿ ದಿನವಿಡೀ ಇಂಗ್ಲಿಷ್ ಮಾತಾಡುವ ನಮ್ಮವರು ಕನ್ನಡಕ್ಕೆ ತಿರುಗಿದ ಕೂಡಲೇ ದನಿ ಬೇರೆಯಾಗುತ್ತದೆ. ನನ್ನದೂ ಆಗಿತ್ತು. ಹತ್ತು ನಿಮಿಷ ಸಾಕು. ಮುಗಿಸುವಾಗ ತೊಗಟೆ ಮುಟ್ಟಿ, ಎದ್ದು ನಡೆಯಿರಿ.

ಎದೆ ಜೋರಾಗಿ ಹೊಡೆದುಕೊಂಡರೆ, ಕೈಕಾಲು ಮರಗಟ್ಟಿದಂತಾದರೆ, ಹಳೆಯದು ಈಗಲೇ ನಡೆಯುತ್ತಿದೆ ಅನ್ನಿಸಿದರೆ ನಿಲ್ಲಿಸಿಬಿಡಿ. ಪಾದವನ್ನು ನೆಲಕ್ಕೆ ಒತ್ತಿ. ಕಾಣುವ ಐದು ವಸ್ತುಗಳ ಹೆಸರು ಜೋರಾಗಿ ಹೇಳಿ. ಇನ್ನೊಂದು ಸಲ ಒಬ್ಬರೇ ಹೋಗಬೇಡಿ, ಸಮಾಲೋಚಕರ ಜೊತೆಯಲ್ಲಿ ಮಾಡಿ.

ಹೆಜ್ಜೆ 5: ಒಬ್ಬ ಮನುಷ್ಯನಿಗೆ ಹೇಳಿ

ರಾಜನ ಕಥೆಯ ಉಳಿದರ್ಧ ಇಲ್ಲಿ ಬರುತ್ತದೆ. ಆಸ್ಥಾನದ ಹಾರ್ಪ್ ವಾದಕನ ವಾದ್ಯ ಮುರಿಯಿತು. ಹೊಸದಕ್ಕೆ ಕಟ್ಟಿಗೆ ಬೇಕೆಂದು ಅವನು ಕಡಿದದ್ದು ಅದೇ ವಿಲ್ಲೋ ಮರ. ತಂತಿ ಮೀಟಿದರೆ ಹಾರ್ಪ್ "ಲೌರಿಗೆ ಕುದುರೆಯ ಕಿವಿ" ಎಂದು ನುಡಿಯಿತು. ರಾಜ ಏನು ಮಾಡಿದ? ಕೊಂದವರಿಗಾಗಿ ಪಶ್ಚಾತ್ತಾಪಪಟ್ಟು, ಎಲ್ಲರ ಮುಂದೆ ಕಿವಿ ತೋರಿಸಿದ. ಮರಕ್ಕೆ ಹೇಳಿದ್ದು ಹುಡುಗನಿಗೆ ಅರ್ಧ ಗುಣ ತಂದಿತ್ತು. ಆ ಗುಟ್ಟಿನ ಭಯವೇ ಹೋಗಲು ಅದು ಮನುಷ್ಯರ ಕಿವಿಗೆ ಬೀಳಬೇಕಾಯಿತು.

ಇದಕ್ಕಿಂತ ಗಾಢವಾದ ಇನ್ನೊಂದು ಕಥೆ ಸ್ವೀನಿ ಎಂಬ ಐರಿಷ್ ರಾಜನದು. 637ರಲ್ಲಿ ನಡೆದ ಮಾಗ್ ರಾಥ್ ಯುದ್ಧದಲ್ಲಿ ಈ ರಾಜನಿಗೆ ಬುದ್ಧಿ ಕೆಟ್ಟಿತು ಎಂದು ಕಥೆ ಹೇಳುತ್ತದೆ. ಒಬ್ಬ ಸಂತನ ಶಾಪ, ಜೊತೆಗೆ ಯುದ್ಧದ ಅಬ್ಬರ. ಆಯುಧ ಬಿಸಾಕಿ ಹಕ್ಕಿಯ ಹಾಗೆ ಮರದಿಂದ ಮರಕ್ಕೆ ಹಾರಿಕೊಂಡು ವರ್ಷಗಟ್ಟಲೆ ಬದುಕಿದ. ಓಕ್, ಆಲ್ಡರ್, ಹೇಜಲ್, ಬರ್ಚ್ ಒಂದೊಂದನ್ನೂ ಹೆಸರು ಹಿಡಿದು ಹೊಗಳಿ ಹಾಡಿದ. ಇವತ್ತಿನ ಓದುಗರಿಗೆ ಯುದ್ಧದಿಂದ ಮರಳಿದ ಸೈನಿಕನ ಆಘಾತ ಇದರಲ್ಲಿ ಕಾಣುತ್ತದೆ. ಮರಗಳು ಸ್ವೀನಿಯನ್ನು ಬದುಕಿಸಿದವು, ಆದರೆ ಅಲ್ಲಿ ಚಳಿ, ಹಸಿವು, ಒಂಟಿತನ ತಪ್ಪಲಿಲ್ಲ. ಕೊನೆಗೆ ಮೊಲಿಂಗ್ ಎಂಬ ಸಂತನ ಮಠಕ್ಕೆ ಬಂದ. ಮೊಲಿಂಗ್ ಒಂದು ನಿಯಮ ಹಾಕಿದ: ಹಗಲೆಲ್ಲ ಎಲ್ಲಿ ಬೇಕಾದರೂ ತಿರುಗು, ಸಂಜೆ ಇಲ್ಲಿಗೆ ಬಾ, ನಿನ್ನ ಕಥೆಯನ್ನು ನಾನು ಬರೆದುಕೊಳ್ಳುತ್ತೇನೆ. ಸಂಜೆಗೆ ಅಡುಗೆಯವಳು ಅವನಿಗೆ ಹಾಲು ಇಡುತ್ತಿದ್ದಳು.

ಆಪ್ತಸಮಾಲೋಚನೆ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಸಂಜೆಗಳನ್ನೇ ಹೇಳುತ್ತೇನೆ. ಗೊತ್ತಾದ ಹೊತ್ತು, ಗೊತ್ತಾದ ಜಾಗ, ಕೇಳಿಸಿಕೊಳ್ಳುವ ಒಬ್ಬರು, ಕುಡಿಯಲು ಏನಾದರೂ ಬೆಚ್ಚಗೆ.

ನಿಮ್ಮ ಟಿಪ್ಪಣಿ, ಚಿತ್ರ ಎರಡನ್ನೂ ಸಮಾಲೋಚಕರ ಹತ್ತಿರ ತೆಗೆದುಕೊಂಡು ಹೋಗಿ. ಸಮಾಲೋಚಕರು ಕೇಳಬಹುದಾದ ಪ್ರಶ್ನೆಗಳು: "ಆ ಮರ ಈಗ ಹೇಗಿದೆ? ಅದರ ಹತ್ತಿರ ಯಾರು ಬರುತ್ತಾರೆ? ಚಳಿಗಾಲದಲ್ಲಿ ಏನು ಮಾಡುತ್ತದೆ? ನಿಮ್ಮನ್ನು ನೋಡಿ ಅದು ಏನು ಹೇಳಬಹುದು?" ನೋವಿರುವವರು ಮರದ ಹೆಸರಿನಲ್ಲಿ ಮಾತಾಡುತ್ತಿದ್ದರೆ ಹಾಗೇ ಬಿಡಿ. "ನಾನು" ಅನ್ನುವುದು ಅವರಾಗಿ ಶುರು ಮಾಡಲಿ. ಮತಿಭ್ರಮೆ ಇರುವವರಿಗೆ, ಇಲ್ಲದ ದನಿ ಕೇಳಿಸುವವರಿಗೆ ಮರದ ಜೊತೆ ಮಾತಾಡಿಸುವ ಕೆಲಸ ಬೇಡ, ಮನೋವೈದ್ಯರು ನೋಡಬೇಕು. ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ಯಾರೂ ಇದಕ್ಕಾಗಿ ನಿಲ್ಲಿಸಬಾರದು.

ಬದುಕು ಸಾಕು ಎಂಬ ಯೋಚನೆ ಬರುತ್ತಿದ್ದರೆ ಯಾವ ಹೆಜ್ಜೆಗೂ ಕಾಯಬೇಡಿ. ಭಾರತದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು. ಐರ್ಲೆಂಡ್, ಬ್ರಿಟನ್ ಎರಡರಲ್ಲೂ ಸಮಾರಿಟನ್ಸ್ 116 123. ಎರಡೂ ಸಹಾಯವಾಣಿಗಳು ದಿನದ 24 ಗಂಟೆ ಉಚಿತ.

ಹೆಜ್ಜೆ 6: ಏನಾದರೂ ನೆಡಿ

ಐರ್ಲೆಂಡ್, ಸ್ಕಾಟ್ಲೆಂಡಿನ ಪವಿತ್ರ ಬಾವಿಗಳ ಪಕ್ಕದ ಮರಗಳಿಗೆ ಬಟ್ಟೆ ಚೂರು ಕಟ್ಟುತ್ತಾರೆ. ನೋವಿರುವ ಜಾಗಕ್ಕೆ ಒದ್ದೆ ಬಟ್ಟೆ ಸವರಿ ಕಟ್ಟಿದರೆ, ಬಟ್ಟೆ ಕೊಳೆತ ಹಾಗೆ ಕಾಯಿಲೆಯೂ ಕರಗುತ್ತದೆ ಎಂಬ ನಂಬಿಕೆ. ಸ್ಕಾಟ್ಲೆಂಡಿನ ಮನ್‌ಲೋಕಿ ಊರಿನ ಬಾವಿಯ ಸುತ್ತ ಮರಗಳ ತುಂಬ ಇಂಥ ಬಟ್ಟೆಗಳು. ಈಗ ಜನ ನೈಲಾನ್, ಪಾಲಿಯೆಸ್ಟರ್ ಕಟ್ಟುತ್ತಾರೆ, ಅದು ಕೊಳೆಯುವುದೇ ಇಲ್ಲ, ಕೊಂಬೆಯ ಕುತ್ತಿಗೆ ಹಿಸುಕುತ್ತದೆ. ಫೋರ್ಟಿಂಗಲ್‌ನ ಯೂ ಮರದಿಂದಲೂ ಜನ ನೆನಪಿಗೆಂದು ರೆಂಬೆ ಕಿತ್ತು ಒಯ್ದು, ಅದರ ಸುತ್ತ ಗೋಡೆ ಕಟ್ಟಬೇಕಾಯಿತು. ದಯವಿಟ್ಟು ಕಟ್ಟಬೇಡಿ, ಕೀಳಬೇಡಿ.

ನಾನು ಹೇಳುವುದು ವಿಲ್ಲೋ ಕಡ್ಡಿ. ಜಾಗದವರನ್ನು ಕೇಳಿ, ಚಳಿಗಾಲದ ಕೊನೆಯಲ್ಲಿ ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ಕಡ್ಡಿ ತೆಗೆದುಕೊಳ್ಳಿ. ಕೆಳಗಿನ ತುದಿ ಯಾವುದು ಎಂದು ಗುರುತು ಮಾಡಿ. ಗಾಜಿನ ಲೋಟದಲ್ಲಿ ನಾಲ್ಕು ಬೆರಳು ನೀರು, ಬೆಳಕಿರುವ ಕಿಟಕಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಎರಡು ಮೂರು ವಾರದಲ್ಲಿ ತೊಗಟೆ ಉಬ್ಬಿ ಬಿಳಿ ಬೇರು ಹೊರಗೆ ಬರುತ್ತದೆ. ಮೊದಲ ಬೇರು ಕಂಡ ದಿನಾಂಕವನ್ನು ಅದೇ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿ. ನೆಲಕ್ಕೆ ಹಾಕುವಾಗ ಮನೆಯಿಂದ, ನೀರಿನ ಪೈಪಿನಿಂದ ದೂರ ನೆಡಿ. ವಿಲ್ಲೋ ಬೇರು ನೀರು ಹುಡುಕಿಕೊಂಡು ಬಹಳ ದೂರ ಹೋಗುತ್ತದೆ.